ಉಣ್ಣೆ, ಉಣುಗು ಸರಿ; ಅದರ ಮರಿಗೆ ಏನಂತೀರಿ?

ಗೆಳೆಯರೇ,

ಮಂಗನ ಕಾಯಿಲೆ ಬಗ್ಗೆ ಹಳ್ಳಿಗಳಲ್ಲಿ ಹಂಚಲು ಕರಪತ್ರ ಬರೆಯುತ್ತಿದ್ದೇನೆ. ಒಂದು ಪದಕ್ಕೆ ಬಂದು ಪೆನ್ನು ನಿಂತಿದೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಇದು ಮೊದಲು ಗೊತ್ತಾದಾಗ ಮಂಗಗಳು ಸಾಯುತ್ತಿದ್ದವು. ಹೆಸರು ಬಂದದ್ದು ಹಾಗೆ. ಈಗ ಅದನ್ನು ಬದಲಿಸಲು ಹೊರಡುವುದು ಸುಮ್ನೆ ತಲೆನೋವು. ಆದರೆ ಹೆಸರು ಕೇಳಿದವರು ಮಂಗನಿಗೆ ಹೆದರುತ್ತಾರೆ, ಕಾಯಿಲೆ ಹಚ್ಚುವ, ಕಾಲಿಗೆ ಹತ್ತುವ ಹುಳ ಮರೆತೇ ಹೋಗುತ್ತದೆ. ಮಂಗನಿಗೂ ಕಾಯಿಲೆ ಬರುವುದು ಆ ಹುಳದಿಂದಲೇ ಅಲ್ವಾ? ಮಂಗ ಸತ್ತಾಗ ಮೈಮೇಲಿದ್ದ ಹುಳಗಳು ಇಳಿದು ಅಲ್ಲೇ ಸುತ್ತಮುತ್ತ ಇರುತ್ತವೆ. ಅದಕ್ಕೇ ಆ ಜಾಗಕ್ಕೆ ಹೋಗಬೇಡಿ ಅನ್ನುವುದು.

ಈ ಹುಳಕ್ಕೆ ಬರಹದಲ್ಲಿ ‘ಉಣ್ಣೆ’ ಅಂತಲೂ ಇದೆ, ‘ಉಣುಗು’ ಅಂತಲೂ ಇದೆ. ಪೇಟೆ ಮಕ್ಕಳಿಗೆ ಉಣ್ಣೆ ಅಂದರೆ ಸ್ವೆಟರ್! ಮಲೆನಾಡಿಗೆ ಉಣುಗು ಸಾಕು ಅಂತ ನನ್ನ ಅನಿಸಿಕೆ. ತೊಡಕು ಬೇರೆ ಕಡೆ ಇದೆ. ಉಣುಗು ಅಂದ ಕೂಡಲೇ ಕಣ್ಣಿಗೆ ಬರುವುದು ದನದ ಕಿವಿಯಲ್ಲಿ ರಕ್ತ ಕುಡಿದು ಕಾಳಿನಂತೆ ಉಬ್ಬಿದ್ದು. ಮನುಷ್ಯರಿಗೆ ಕಾಯಿಲೆ ಹಚ್ಚುವುದು ಹೆಚ್ಚಾಗಿ ಅದರ ಮರಿ, ವಿಜ್ಞಾನದವರು ನಿಂಫ್ ಅನ್ನುತ್ತಾರೆ. ಎಳ್ಳಿಗಿಂತ ಸಣ್ಣದು. ಡಿಸೆಂಬರಿನಿಂದ ಮೇವರೆಗೆ ದರಗಿನಲ್ಲಿ, ಅಂದರೆ ಕಾಡಿನಲ್ಲಿ ಉದುರಿದ ಒಣ ಎಲೆಯಲ್ಲಿ, ಜಾಸ್ತಿ. ಕೊಟ್ಟಿಗೆಗೆ ಹಾಸಲು ದರಗು ಗುಡಿಸಿ ಹೆಡಿಗೆ ತುಂಬುವವರ ಕೈಕಾಲಿಗೆ ಹತ್ತಿಕೊಂಡರೆ ಕಾಣುವುದೇ ಇಲ್ಲ. ಅಂಥವರಿಗೆ ‘ಉಣುಗು ಕಂಡರೆ ತೆಗೆಯಿರಿ’ ಎಂದು ಬರೆದು ಏನು ಉಪಯೋಗ? ಹೋಗುವ ಮುಂಚೆ ಡೇಪಾ ಎಣ್ಣೆ (ಉಣುಗು ಹತ್ತದಂತೆ ಮೈಗೆ ಹಚ್ಚುವ ಎಣ್ಣೆ) ಹಚ್ಚಿಕೊಳ್ಳಿ, ಬಂದ ಕೂಡಲೇ ಬಿಸಿನೀರಲ್ಲಿ ಸೋಪು ಹಚ್ಚಿ ಮೀಯಿರಿ, ಕಾಣದಿದ್ದರೂ ಸರಿ ಎಂದು ಬರೆದಿದ್ದೇನೆ.

ಹೇನಿಗೆ ‘ಸೀರು’ ಇದ್ದ ಹಾಗೆ ಈ ಮರಿಗೂ ನಿಮ್ಮ ಕಡೆ ಬೇರೆ ಹೆಸರು ಇದೆಯೇ? ‘ಮರಿ ಉಣುಗು’ ಅನ್ನಬಹುದು, ಆದರೆ ‘ಮರಿ’ ಅಂದರೆ ಏನೂ ಮಾಡದ ಪಾಪದ್ದು ಅನ್ನಿಸಿಬಿಡುತ್ತದೆ. ಇನ್ನೊಂದು: ‘ಕಚ್ಚಿದರೆ’ ಅನ್ನಲೋ, ‘ಹತ್ತಿದರೆ’ ಅನ್ನಲೋ? ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ, ಹಾಗಾಗಿ ನನ್ನ ಒಲವು ‘ಹತ್ತಿದರೆ’ ಕಡೆಗೆ.

ಸಾಗರ, ತೀರ್ಥಹಳ್ಳಿ, ಕೊಪ್ಪ, ಸಿದ್ದಾಪುರದ ಕಡೆಯವರು ದಯವಿಟ್ಟು ತಿಳಿಸಿ. ನಿಘಂಟು ನೋಡುವುದಕ್ಕಿಂತ ಮನೆಯಲ್ಲಿ ಕೊಟ್ಟಿಗೆ ಕೆಲಸ ಮಾಡುವವರನ್ನು ಕೇಳಿ ಬರೆದರೆ ಒಳ್ಳೆಯದು.