ಪಾರ್ಶ್ವವಾಯುವಿನ ನಂತರ ಆಕ್ಯುಪಂಕ್ಚರ್: ಮೆದುಳಿನ ಚಿತ್ರ ಬದಲಾದರೆ ಕೈ ಮರಳುತ್ತದೆಯೇ?

ಪ್ರಶ್ನೆ (ಸೋಮವಾರಪೇಟೆ ಸಮೀಪದಿಂದ)

ನಮ್ಮ ತಂದೆಯವರಿಗೆ ಪಾರ್ಶ್ವವಾಯು ಬಡಿದು ನಾಲ್ಕು ತಿಂಗಳಾಯಿತು. ನಡಿಗೆ ಬಹುಮಟ್ಟಿಗೆ ಮರಳಿದೆ. ಬಲಗೈಗೆ ಮಾತ್ರ ಇನ್ನೂ ಲೋಟ ಹಿಡಿಯಲಾಗುತ್ತಿಲ್ಲ. ಆಕ್ಯುಪಂಕ್ಚರ್ ಚಿಕಿತ್ಸಕರೊಬ್ಬರು ಎಫ್‌ಎಂಆರ್‌ಐ (ಮೆದುಳಿನ ಚಟುವಟಿಕೆಯನ್ನು ಗುರುತಿಸಲು ಮಾಡುವ ಸ್ಕ್ಯಾನ್) ಚಿತ್ರಗಳನ್ನು ತೋರಿಸಿ, ಮೊಣಕಾಲಿನ ಕೆಳಗೆ ಹೊರಬದಿಯಲ್ಲಿ ಸೂಜಿ ಚುಚ್ಚಿದರೆ ಮೆದುಳಿನ ಚಲನೆಯ ಭಾಗ ಎಚ್ಚರಗೊಳ್ಳುತ್ತದೆ ಎಂದರು. ಅದಕ್ಕಾಗಿ ವಾರಕ್ಕೆ ಮೂರು ಬಾರಿ ಮೈಸೂರಿಗೆ ಹೋಗಬೇಕು, ಹೋದರೆ ಇಲ್ಲಿನ ಫಿಸಿಯೋಥೆರಪಿ ತಪ್ಪುತ್ತದೆ. ಆ ಚಿತ್ರಗಳನ್ನು ಎಷ್ಟು ನಂಬಬಹುದು?

ಉತ್ತರ 1 (ಫಿಸಿಯೋಥೆರಪಿಸ್ಟ್, ವಿರಾಜಪೇಟೆ)

ಚಿತ್ರಗಳು ಸುಳ್ಳಲ್ಲ, ಆದರೆ ಅವು ಹೇಳುವುದು ಬಹಳ ಕಡಿಮೆ. ಎಫ್‌ಎಂಆರ್‌ಐ ನರಕೋಶಗಳ ಕೆಲಸವನ್ನು ನೇರವಾಗಿ ತೋರಿಸುವುದಿಲ್ಲ. ಆಯಾ ಭಾಗದ ರಕ್ತದಲ್ಲಿರುವ ಆಮ್ಲಜನಕದ ಏರಿಳಿತವನ್ನು ಅಳೆದು ಅದಕ್ಕೆ ಬಣ್ಣ ಕೊಡುತ್ತದೆ. ಪಾರ್ಶ್ವವಾಯು ರಕ್ತನಾಳಗಳದ್ದೇ ಕಾಯಿಲೆಯಾದ್ದರಿಂದ ಇಂಥ ರೋಗಿಗಳಲ್ಲಿ ಆ ಬಣ್ಣವನ್ನು ಅರ್ಥೈಸುವುದು ಇನ್ನಷ್ಟು ಕಷ್ಟ. ಸೂಜಿ ಚುಚ್ಚಿದಾಗ ಅದರ ಸಂವೇದನೆ ಮೆದುಳನ್ನು ತಲುಪಿ ಅಲ್ಲಿ ಬದಲಾವಣೆ ಕಾಣುವುದು ಸಹಜ. ಅಷ್ಟರಿಂದಲೇ ಬೆರಳು ಬಿಡಿಸಲು ಬರುತ್ತದೆ ಎನ್ನಲಾಗದು. ಮೊದಲ ಕೆಲವು ತಿಂಗಳಲ್ಲಿ ಮೆದುಳು ತಾನಾಗಿಯೂ ಚೇತರಿಸಿಕೊಳ್ಳುವುದರಿಂದ, ಸೂಜಿ ಹಾಕಿಸಿಕೊಳ್ಳದ ರೋಗಿಗಳ ಜೊತೆ ಹೋಲಿಸದೆ ಯಾವ ಚಿತ್ರವೂ ಸಾಕ್ಷಿಯಾಗುವುದಿಲ್ಲ.

ವೈದ್ಯಕೀಯ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2016ರ ಪರಾಮರ್ಶೆಯು, ಪಾರ್ಶ್ವವಾಯುವಿನ ನಂತರದ ಆಕ್ಯುಪಂಕ್ಚರ್ ಕುರಿತ 31 ಪ್ರಯೋಗಗಳಲ್ಲಿದ್ದ 2,257 ರೋಗಿಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ, ಪ್ರಯೋಜನವಿರಬಹುದಾದರೂ ಹೆಚ್ಚಿನ ಪ್ರಯೋಗಗಳ ಗುಣಮಟ್ಟ ಸಾಲದೆ ಇರುವುದರಿಂದ ಎಲ್ಲರಿಗೂ ಇದನ್ನು ಶಿಫಾರಸು ಮಾಡುವಷ್ಟು ಆಧಾರವಿಲ್ಲ ಎಂದಿತು. ಇದಕ್ಕೆ ಎದುರಾಗಿ, 2006ರಲ್ಲಿ ಪ್ರಕಟವಾದ ಎಕ್ಸೈಟ್ ಎಂಬ ಪ್ರಯೋಗದಲ್ಲಿ ಪಾರ್ಶ್ವವಾಯುವಾಗಿ 3ರಿಂದ 9 ತಿಂಗಳಾಗಿದ್ದ 222 ಮಂದಿಯಿದ್ದರು. ಎರಡು ವಾರ ಸರಿಯಿರುವ ಕೈಗೆ ಕವಚ ತೊಡಿಸಿ, ದುರ್ಬಲ ಕೈಯಿಂದಲೇ ಕೆಲಸ ಮಾಡಿಸಿದವರಲ್ಲಿ ಕೈಬಳಕೆ ಉಳಿದವರಿಗಿಂತ ಹೆಚ್ಚಾಗಿ ಸುಧಾರಿಸಿತು. ನಿಮ್ಮ ತಂದೆಯವರು ಈಗ ಇರುವುದು ಇದೇ ಅವಧಿಯಲ್ಲಿ ಎಂಬುದನ್ನು ದಯವಿಟ್ಟು ಗಮನಿಸಿ. ಆದರೆ ಈ ಅಭ್ಯಾಸಕ್ಕೆ ಮಣಿಕಟ್ಟು ಮೇಲಕ್ಕೆತ್ತಲು, ಬೆರಳು ಬಿಡಿಸಲು ಅಲ್ಪಸ್ವಲ್ಪವಾದರೂ ಆಗಬೇಕು. ಅವರಿಗೆ ಆಗುತ್ತದೆಯೇ?

ಉತ್ತರ 2 (ಗೋಣಿಕೊಪ್ಪಲು)

ನಮ್ಮ ತಾಯಿಯವರಿಗೆ ಭುಜದ ನೋವಿಗೆಂದು ಸೂಜಿ ಹಾಕಿಸಿದ್ದೆವು. ನೋವು ತಗ್ಗಿದ್ದರಿಂದ ವ್ಯಾಯಾಮಕ್ಕೆ ಒಪ್ಪಿದರು, ಅದಕ್ಕೆ ನಾನು ಋಣಿ. ಕೈ ಮಾತ್ರ ಪಳಗಿದ್ದು, ಮೊರದಲ್ಲಿ ಹರಡಿದ ಒಣ ಕಾಫಿ ಬೀಜವನ್ನು, ಅನಂತರ ಕರಿಮೆಣಸನ್ನು ಒಂದೊಂದಾಗಿ ಆರಿಸಿ ಬಟ್ಟಲಿಗೆ ಹಾಕುತ್ತಾ ಹೋದದ್ದರಿಂದ ಎಂದು ನನ್ನ ನಂಬಿಕೆ. ಸೂಜಿ ಹಾಕಿಸುವುದೇ ಆದರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದಲ್ಲಿ ಮೊದಲೇ ತಿಳಿಸಿ. ಒಮ್ಮೆ ಮಾತ್ರ ಬಳಸುವ ಹೊಸ ಸೂಜಿಯನ್ನೇ ಕೇಳಿ.

ಪ್ರಶ್ನೆ ಕೇಳಿದವರು

ಮಣಿಕಟ್ಟು ಸ್ವಲ್ಪ ಏಳುತ್ತದೆ, ಹೆಬ್ಬೆರಳು ಮತ್ತು ಎರಡು ಬೆರಳು ಬಿಡಿಸಿಕೊಳ್ಳುತ್ತವೆ. ಮೈಸೂರಿನ ಪ್ರಯಾಣವನ್ನು ಸದ್ಯಕ್ಕೆ ಕೈಬಿಟ್ಟಿದ್ದೇವೆ. ಕೈಕವಚದ ಅಭ್ಯಾಸ ಅಪ್ಪನಿಗೆ ಹೊಂದುತ್ತದೆಯೇ ಎಂದು ನಮ್ಮ ಫಿಸಿಯೋಥೆರಪಿಸ್ಟ್ ಅವರನ್ನು ಸೋಮವಾರ ಕೇಳುತ್ತೇನೆ. ಮೊರವನ್ನು ಅಪ್ಪ ಇವತ್ತೇ ತರಿಸಿಕೊಂಡರು.