ಸ್ಮಶಾನದ ಗೋಡೆ ಬಿದ್ದಿದೆ, ಭಾನುವಾರ ಎಲ್ಲರೂ ಬನ್ನಿ

ಮನೆ 14: ಎಲ್ಲರಿಗೂ ನಮಸ್ಕಾರ. ಮಳೆಗೆ ಸ್ಮಶಾನದ ಹಿಂದಿನ ಗೋಡೆ ಬಿದ್ದಿದೆ. ಹಂದಿಗಳು ನುಗ್ಗಿ ಮಣ್ಣೆಲ್ಲ ಕೆದಕಿವೆ. ಜಾಲಿ ಮುಳ್ಳಿನ ಮಧ್ಯೆ ನಮ್ಮ ತಾತನ ಸಮಾಧಿ ಹುಡುಕಲು ಅರ್ಧ ಗಂಟೆ ಬೇಕಾಯಿತು. ಇಲ್ಲಿನ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ಬಂಡೆ ಸಿಡಿದು ಸತ್ತವರು ಅವರು. ಕಲ್ಲಿನ ಮೇಲಿನ ಹೆಸರು ಸವೆದಿದೆ. ಗಣಿಯಲ್ಲಿ ಕೊಟ್ಟಿದ್ದ ಟೋಕನ್ ನಂಬರಿನ ಕೊನೆಯ ಎರಡು ಅಂಕಿ ಮಾತ್ರ ಬೆರಳಿಗೆ ಸಿಗುತ್ತವೆ. ಗೋಡೆ ಕಟ್ಟಿಸುವಾಗಲೇ ಒಳಗೆ ಒಂದು ಸ್ಮಾರಕ ನಿಲ್ಲಿಸೋಣ. ಗಣಿಯ ಅಪಘಾತಗಳಲ್ಲಿ ಸತ್ತ ನಮ್ಮವರ ಹೆಸರೆಲ್ಲ ಅದರಲ್ಲಿರಲಿ.

ಮನೆ 31: ಖಂಡಿತ ಮಾಡೋಣ ಅಣ್ಣ. ನಮ್ಮ ಕೆಜಿಎಫ್‌ನಲ್ಲಿ (ಕೋಲಾರ ಚಿನ್ನದ ಗಣಿ) ಬ್ರಿಟಿಷರಿಗೆ ಬೇರೆ ಸ್ಮಶಾನವೇ ಇದೆ, ಕೆತ್ತಿದ ಕಲ್ಲುಗಳಿವೆ. ಕೆಳಗಿಳಿದು ಸತ್ತವರು ನಮ್ಮವರೇ ಜಾಸ್ತಿ ಅಲ್ವಾ?

ಮನೆ 7: 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚುವ ತನಕ ನಾನು ಕೆಳಗೆ ಇದ್ದೆ. ಅದಿರು ತೆಗೆದ ಜಾಗ ಕುಸಿಯದಿರಲಿ ಅಂತ ಗ್ರಾನೈಟ್ ಗೋಡೆ ಕಟ್ಟುವ ಕೆಲಸ. ಗಣಿ ಮೂರು ಕಿಲೋಮೀಟರಿಗಿಂತ ಆಳ. ಮೇಲಿನ ಕಲ್ಲಿನ ಅಷ್ಟು ಭಾರಕ್ಕೆ ಬಂಡೆ ಒಮ್ಮೆಲೇ ಸಿಡಿಯುತ್ತಿತ್ತು. ಅದನ್ನು ಏರ್ ಬ್ಲಾಸ್ಟ್ ಅನ್ನುತ್ತಿದ್ದೆವು. ಮನೆಯಲ್ಲಿ ಪಾತ್ರೆ ಅಲ್ಲಾಡಿದರೆ ಸಾಕು, ಹೆಂಗಸರು ಒಲೆ ಬಿಟ್ಟು ಗಣಿಗೆ ಇಳಿಯುವ ಶಾಫ್ಟ್ ಹತ್ತಿರ ಓಡುತ್ತಿದ್ದರು.

ಮನೆ 22: ತಾತ, ನನ್ನದೊಂದು ಮಾತು. ನಮ್ಮಪ್ಪ ಬಂಡೆ ಸಿಡಿದು ಸಾಯಲಿಲ್ಲ. ಕಲ್ಲಿನ ಧೂಳು ಎದೆಗೆ ಕೂತಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಕೊನೆಯ ಎರಡು ವರ್ಷ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದರು. ಹಾಗೆ ಕೂತೇ ಹೋದರು. 1940ರ ದಶಕದಲ್ಲೇ ಇಲ್ಲಿ 7,653 ಕಾರ್ಮಿಕರನ್ನು ಪರೀಕ್ಷೆ ಮಾಡಿದಾಗ ನೂರಕ್ಕೆ 43ಕ್ಕಿಂತ ಜಾಸ್ತಿ ಜನಕ್ಕೆ ಇದೇ ಧೂಳಿನ ಕಾಯಿಲೆ ಸಿಲಿಕೋಸಿಸ್ ಇತ್ತು. ಇಂಥವರ ಹೆಸರು ಕಲ್ಲಿನ ಮೇಲೆ ಇರುತ್ತಾ?

ಮನೆ 14: ಅಕ್ಕ, ಅಪಘಾತದಲ್ಲಿ ಹೋದವರನ್ನು ಮಾತ್ರ ಲೆಕ್ಕಕ್ಕೆ ತಗೊಂಡಿದ್ದೆ. ತಪ್ಪಾಯಿತು. ಅಪ್ಪನ ಹೆಸರು ಇರಲೇಬೇಕು.

ಮನೆ 9: ಯಾವ ಭಾಷೆಯಲ್ಲಿ ಕೆತ್ತಿಸುವುದು? ತಮಿಳುನಾಡಿನ ಆರ್ಕಾಟ್ ಕಡೆಯಿಂದ ಬಂದವರು ತುಂಬಾ ಜನ ಇದ್ದಾರೆ.

ಮನೆ 14: ಆಯಾ ಮನೆಯವರು ಹೇಳಿದ ಭಾಷೆಯಲ್ಲಿ. ತಮಿಳು, ತೆಲುಗು, ಕನ್ನಡ ಎಲ್ಲಾ ಇರಲಿ.

ಮನೆ 31: ಭಾನುವಾರ ಬೆಳಿಗ್ಗೆ 7 ಗಂಟೆಗೆ ಗೇಟಿನ ಹತ್ತಿರ ಸೇರೋಣ. ಮಚ್ಚು, ಗುದ್ದಲಿ ತನ್ನಿ. ಮೊದಲು ಮುಳ್ಳು ಕಡಿಯೋಣ. ಹಳೆ ಟೋಕನ್, ಪಿಎಫ್ ಕಾಗದ ಇದ್ದರೆ ಫೋಟೋ ಹಾಕಿ. ಗೋಡೆಯ ಅರ್ಜಿ ನಾನು ಬರೆಯುತ್ತೇನೆ.

ಮನೆ 7: ನನ್ನ ಜೊತೆ ಇಳಿದು ಮೇಲೆ ಬಾರದ ಐದು ಜನರ ಟೋಕನ್ ನಂಬರ್ ನನಗೆ ಬಾಯಿಪಾಠ. ಯಾರಾದರೂ ಸಂಜೆ ಪೆನ್ನು ತಗೊಂಡು ಮನೆಗೆ ಬನ್ನಿ.