ಧರ್ಮಕ್ಕೆ ಬಂದ ಕಂಪ್ಯೂಟರಿಗೆ ಮೊಳ ಹಾಕಿದ್ದು

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ. ಚಿಕ್ಕಮಗಳೂರಿನ ಆಲ್ದೂರು ಕಡೆಯ ನಮ್ಮೂರ ಶಾಲೆಗೆ ಬೆಂಗಳೂರಿನ ಕಂಪನಿಯೊಂದು 8 ಹಳೇ ಕಂಪ್ಯೂಟರ್ ಕಳಿಸಿದಾಗ ನಾವು ಮಾಡಿದ್ದೂ ಅದನ್ನೇ. ಹಿತ್ತಲಿನ ಬದಲು ಹೋಟೆಲಿನ ಬೆಂಚು, ಅಷ್ಟೆ. ಆಷಾಢದ ಮಳೆ, ಕರೆಂಟಿಲ್ಲ, ತೋಟದಲ್ಲಿ ಕೆಲಸವಿಲ್ಲ. ಮಾತಿಗೆ ಇನ್ನೇನು ಬೇಕು?

"ಡಬ್ಬಿ ಬಂತು ಸರಿ, ಒಳಗೆ ವರ್ಡು ಎಕ್ಸೆಲ್ಲು ಇದ್ಯೋ ಇಲ್ವೋ?" ಅಂತ ಶುರು ಹಚ್ಚಿದವರು ಎಸ್ಟೇಟ್ ರೈಟರು. ಆಳುಗಳ ಹಾಜರಿ-ಕೂಲಿಯ ಚೆಕ್‌ರೋಲನ್ನು ಎಕ್ಸೆಲ್ಲಿನಲ್ಲಿ ಬರೆಯುವುದರಿಂದ ಕಂಪ್ಯೂಟರ್ ವಿಷಯದಲ್ಲಿ ಊರಿಗೆಲ್ಲ ಅವರದೇ ಕೊನೆ ಮಾತು. ಕೂಡುವುದನ್ನು ಮಾತ್ರ ಕ್ಯಾಲ್ಕುಲೇಟರಿನಲ್ಲಿ ಕೂಡಿ, ಬಂದ ಮೊತ್ತವನ್ನು ಎಕ್ಸೆಲ್ಲಿಗೆ ಟೈಪ್ ಮಾಡುತ್ತಾರೆ.

"ಏನೂ ಇಲ್ಲ. ಡಿಸ್ಕ್ ಪೂರ್ತಿ ಒರೆಸಿ ಕಳಿಸಿದ್ದಾರೆ" ಅಂದ ಪುಟ್ಟ. ಹಾಸನದಲ್ಲಿ ಇಂಜಿನಿಯರಿಂಗ್ ಓದುವ ಹುಡುಗ.

"ಅದಕ್ಕೇನಂತೆ ಮಾರಾಯ? ನನ್ನ ಭಾವಮೈದನ ಹತ್ರ ಪೆನ್‌ಡ್ರೈವ್ ಇದೆ. ಆಫೀಸ್ 2007, ಕೀ ಸಮೇತ. ಅರ್ಧ ತಾಲ್ಲೂಕಿಗೆ ಹಾಕಿಕೊಟ್ಟಿದ್ದಾನೆ."

"ಒಂದೇ ಕೀಲಿಯಿಂದ ಅರ್ಧ ತಾಲ್ಲೂಕು ತೆಗೆಯೋನನ್ನ ನಮ್ಮ ಕಾಲದಲ್ಲಿ ಪೊಲೀಸ್ನೋರು ಹುಡುಕ್ತಿದ್ರು" ಅಂದರು ನಿವೃತ್ತ ಹೆಡ್‌ಮೇಷ್ಟ್ರು.

ಪುಟ್ಟ ನಗಲಿಲ್ಲ. 2007ರ ಆಫೀಸಿಗೆ ಮೈಕ್ರೋಸಾಫ್ಟು 2017ರ ಅಕ್ಟೋಬರಿನಲ್ಲೇ ಕೈ ಎತ್ತಿತಂತೆ. ಆಮೇಲೆ ಭದ್ರತೆಯ ಯಾವ ತೂತೂ ಮುಚ್ಚಿಲ್ಲ. ಕಂಪ್ಯೂಟರನ್ನೇ ನಡೆಸುವ ವಿಂಡೋಸ್ 7ರ ಕಥೆ 2020ರ ಜನವರಿಗೆ ಮುಗಿಯಿತು, ವಿಂಡೋಸ್ 10ರದು 2025ರ ಅಕ್ಟೋಬರ್ 14ಕ್ಕೆ. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ಪು ಕೇಳುತ್ತದೆ, ಇಂಟೆಲ್ ಪ್ರೊಸೆಸರಾದರೆ ಎಂಟನೇ ತಲೆಮಾರಿನದೋ ಅದಕ್ಕಿಂತ ಈಚಿನದೋ ಬೇಕು ಅನ್ನುತ್ತದೆ. ನಮಗೆ ಬಂದವು ಅದಕ್ಕೆ ಎಷ್ಟೋ ತಲೆಮಾರು ಹಿಂದಿನವು.

"ಓಹೋ, ಅದಕ್ಕೇ ದಾನ ಬಂತಾ! ನಾನು ಪುಣ್ಯಾತ್ಮರು ಅಂತ ಕೈ ಮುಗಿದಿದ್ದೆನಲ್ಲೋ" ಅಂದರು ಹಾಲಿನ ಸೊಸೈಟಿ ಸೆಕ್ರೆಟರಿ. "ಸರಿ, ದುಡ್ಡು ಕೊಟ್ಟೇ ತರೋಣ. ಒಂದ್ಸಲ ಕೊಟ್ರೆ ಮುಗೀತಲ್ಲ?"

"ಮೈಕ್ರೋಸಾಫ್ಟ್ 365 ಅಂದ್ರೆ ಚಂದಾ. ವರ್ಷಾವರ್ಷ ಕಟ್ಟಬೇಕು."

"ಕಂದಾಯದ ಹಾಗೆ ಅನ್ನು."

"ಕಂದಾಯ ಬಾಕಿ ಇದ್ರೂ ತೋಟದಲ್ಲಿ ಕಳೆ ಕೀಳಬಹುದು. ಇದಕ್ಕೆ ಕಟ್ಟದಿದ್ರೆ ನಿಮ್ಮ ಫೈಲನ್ನ ನೀವೇ ನೋಡಬಹುದು, ತಿದ್ದೋಕಾಗಲ್ಲ."

ಸೆಕ್ರೆಟರಿ ಸುಮ್ಮನಾದರು. ಇಂಟರ್‌ನೆಟ್ಟಿನಲ್ಲೇ ಬರೆಯುವ ಗೂಗಲ್ ಡಾಕ್ಸ್ ಮಾತು ಬಂದದ್ದಕ್ಕೆ ಉತ್ತರ ಕೊಡುವ ಶ್ರಮವನ್ನು ಯಾರೂ ತೆಗೆದುಕೊಳ್ಳಲಿಲ್ಲ. ನಮ್ಮಲ್ಲಿ ಕರೆಂಟಿನ ಹಿಂದೆಯೇ ಟವರೂ ಹೋಗುತ್ತದೆ.

"ಹಾಗಾದ್ರೆ ಲಿಬ್ರೆ ಆಫೀಸು" ಅಂದ ಪುಟ್ಟ. "ವರ್ಡು ಎಕ್ಸೆಲ್ಲಿನ ಕೆಲಸ ಅದೂ ಮಾಡತ್ತೆ. ಪುಕ್ಕಟೆ."

"ಪುಕ್ಕಟೆ ಅಂದ್ರೆ ಏನೋ ಮಸಲತ್ತಿದೆ" ಅಂದರು ರೈಟರು.

ಹುಡುಗ ವಂಶಾವಳಿಯನ್ನೇ ಬಿಚ್ಚಿದ. ಮೂಲದಲ್ಲಿ ಜರ್ಮನಿಯ ಸ್ಟಾರ್ ಆಫೀಸು. 1999ರಲ್ಲಿ ಸನ್ ಕಂಪನಿ ಕೊಂಡುಕೊಂಡು, ಮರುವರ್ಷ ಅದರ ಮೂಲ ಬರಹವನ್ನು (ಸೋರ್ಸ್ ಕೋಡ್) ಲೋಕಕ್ಕೆ ಬಿಟ್ಟುಕೊಟ್ಟಿತು. ಅದೇ ಓಪನ್ ಆಫೀಸು. 2010ರಲ್ಲಿ ಸನ್ನನ್ನೇ ಒರಾಕಲ್ ಕೊಂಡಾಗ ಅದನ್ನು ಬೆಳೆಸುತ್ತಿದ್ದವರಲ್ಲಿ ಮುನಿಸಿಕೊಂಡವರು ಹೊರಬಂದು ಡಾಕ್ಯುಮೆಂಟ್ ಫೌಂಡೇಶನ್ ಕಟ್ಟಿದರು, ಹೆಸರು ಲಿಬ್ರೆ ಆಫೀಸ್ ಆಯಿತು. ಓಪನ್ ಆಫೀಸ್ ಈಗಲೂ ಅಪಾಚೆ ಫೌಂಡೇಶನ್ನಿನವರ ಹತ್ತಿರ ಇದೆ, ಆದರೆ ಅಲ್ಲಿ ಕೆಲಸ ಕುಂಟುತ್ತಿದೆ, ಹಳೇ ಹೆಸರು ನೋಡಿ ಅದನ್ನು ಇಳಿಸಿಕೊಳ್ಳಬೇಡಿ ಅಂದ.

"ಅದೆಲ್ಲ ಇರಲಿ. ನನ್ನ ಸರ್ವಿಸಿನ ಪ್ರಶ್ನೆಪತ್ರಿಕೆಗಳೆಲ್ಲ ನುಡಿ ಅನ್ನೋ ಕನ್ನಡ ತಂತ್ರಾಂಶದಲ್ಲಿವೆ. ಇದರಲ್ಲಿ ತೆರೀತಾವಾ?" ಅಂತ ಮೇಷ್ಟ್ರು ಜೇಬಿನಿಂದ ಪೆನ್‌ಡ್ರೈವ್ ತೆಗೆದರು. ಅಲ್ಲಿಯವರೆಗಿನ ಮಾತೆಲ್ಲ ಹರಟೆ, ನಿಜವಾದ ಪರೀಕ್ಷೆ ಇದು.

ಪುಟ್ಟನ ಲ್ಯಾಪ್‌ಟಾಪಿನಲ್ಲಿ ಏಳನೇ ತರಗತಿಯ ಸಮಾಜ ವಿಜ್ಞಾನ ತೆರೆಯಿತು. ಒಂದಕ್ಷರ ಕನ್ನಡವಿಲ್ಲ. ತಲೆ ಮೇಲೆ ಗೀಟು, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ. ಪ ಇದ್ದಲ್ಲೆಲ್ಲ ಜಪಾನಿನ ಯೆನ್, ನ ಇದ್ದಲ್ಲೆಲ್ಲ ಪೌಂಡು.

"ಮೇಷ್ಟ್ರೇ, ಸರ್ಕಾರಿ ಶಾಲೆಯಲ್ಲಿದ್ದುಕೊಂಡು ಇಷ್ಟೊಂದು ವಿದೇಶಿ ಹಣ ಇಟ್ಟಿದ್ರಾ?" ಅಂದರು ಸೆಕ್ರೆಟರಿ.

ಮೇಷ್ಟ್ರ ಮುಖ ಕಪ್ಪಿಟ್ಟಿತು. ಹಳೇ ನುಡಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕೂರಿಸುತ್ತಿತ್ತು, ಫಾಂಟು ಮೇಲೊಂದು ಕನ್ನಡದ ಮುಖವಾಡ ಹಾಕುತ್ತಿತ್ತು, ಫಾಂಟಿಲ್ಲದೆ ಅಸಲಿ ಮುಖ ಕಂಡಿತು ಅಂತ ವಿವರಿಸುತ್ತಲೇ ಪುಟ್ಟ ನುಡಿ ಫಾಂಟ್ ಹಾಕಿದ. ಫೈಲು ಮುಚ್ಚಿ ತೆರೆದ. 'ಬಿಟ್ಟ ಸ್ಥಳ ತುಂಬಿರಿ' ಅಂತ ಮೊದಲ ಸಾಲು ಎದ್ದು ಕೂತಿತು. ಮೇಷ್ಟ್ರು ಎಲ್ಲರಿಗೂ ಕಾಫಿ ಹೇಳಿದರು, ಊರಿನ ಇತಿಹಾಸದಲ್ಲಿ ದಾಖಲಾಗಬೇಕಾದ ಸಂಗತಿ.

ಇನ್ನು ಮುಂದೆ ಬರೆಯುವುದು ಕನ್ನಡದ ಅಕ್ಷರಗಳಿಗೆ ಅವುಗಳದೇ ಜಾಗ ಕೊಡುವ ಯೂನಿಕೋಡಿನಲ್ಲಿರಲಿ, ಹಳೆಯದನ್ನು ಬದಲಾಯಿಸಲು ಪರಿವರ್ತಕಗಳಿವೆ ಅಂತಾಯಿತು. ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದರೂ ಅದರ ಟೈಪಿಂಗ್ ಸಲಕರಣೆ ಐಬಸ್‌ನಲ್ಲಿ ನುಡಿಯದೇ ಕೆಜಿಪಿ ಕೀಲಿಮಣೆ ಸಿಗುತ್ತದಂತೆ, ಮೇಷ್ಟ್ರ ಬೆರಳು ಹೊಸದಾಗಿ ಕಲಿಯಬೇಕಿಲ್ಲ. ಲಿನಕ್ಸ್ ಹಾಕಲೇಬೇಕು ಕೂಡ. ಲಿಬ್ರೆ ಆಫೀಸಿನ 25.8ನೇ ಆವೃತ್ತಿಯಿಂದ ವಿಂಡೋಸ್ 7, 8ಕ್ಕೆ ಅದೂ ಬಾಗಿಲು ಹಾಕಿದೆ.

"ಬಿಇಒ ಆಫೀಸಿನೋರು ವರ್ಡ್ ಫೈಲೇ ಬೇಕು ಅಂದ್ರೆ?" ರೈಟರು ಇನ್ನೂ ಸೋತಿರಲಿಲ್ಲ.

"ವರ್ಡಿನದೇ .docx ರೂಪದಲ್ಲಿ ಸೇವ್ ಮಾಡಿ. ವರ್ಡಿನ ಕ್ಯಾಲಿಬ್ರಿ ಫಾಂಟ್ ಇಲ್ಲದಿದ್ರೆ ಅದೇ ಅಗಲದ ಕಾರ್ಲಿಟೊ ಬರತ್ತೆ. ಕನ್ನಡದ ಕೋಷ್ಟಕ ಮಾತ್ರ ಅಲ್ಲಿಲ್ಲಿ ಜರುಗತ್ತೆ. ತಿದ್ದೋದಿಲ್ಲದ ಕಾಗದ ಆದ್ರೆ ಪಿಡಿಎಫ್ ಕಳಿಸಿ, ಜಗಳವೇ ಇಲ್ಲ."

"ಹಾಗಾದ್ರೆ ಖರ್ಚೇ ಇಲ್ಲ!" ಅಂತ ಸೆಕ್ರೆಟರಿ ಎದ್ದರು.

"ಕೂತ್ಕೊಳಿ. ಸಾಫ್ಟ್‌ವೇರಿಗೆ ಖರ್ಚಿಲ್ಲ. ಇರೋದು 2 ಜಿಬಿ ರ‍್ಯಾಮು, ತಿರುಗೋ ಹಾರ್ಡ್‌ಡಿಸ್ಕು. ಲಿಬ್ರೆ ಓಡತ್ತೆ, ಆದ್ರೆ ತೆರ್ಕೊಳೋ ಅಷ್ಟರಲ್ಲಿ ಮಕ್ಕಳ ಪೀರಿಯಡ್ ಮುಗೀತದೆ. ರ‍್ಯಾಮ್ 4 ಜಿಬಿ ಮಾಡಿ, ಹಾರ್ಡ್‌ಡಿಸ್ಕಿನ ಬದಲು ತಿರುಗದ, ಚುರುಕಾದ ಎಸ್‌ಎಸ್‌ಡಿ ಒಂದೊಂದು ಸಣ್ಣದು ಹಾಕಿದ್ರೆ ಬೇರೇ ಮಿಷನ್ನೇ ಆಗತ್ತೆ. ಉಳಿದ ಲೈಸೆನ್ಸ್ ದುಡ್ಡು ಅಲ್ಲಿ ಹಾಕಿ."

ಉಳಿದ ದುಡ್ಡು ಅನ್ನುವುದು ಯಾರ ಜೇಬಿನಲ್ಲೂ ಇರಲಿಲ್ಲ. ರೈಟರಿಗೆ ತೋಟದ ನೆನಪಾಯಿತು. ಸೆಕ್ರೆಟರಿಗೆ ಹಾಲು ಅಳೆಯುವ ಹೊತ್ತಾಯಿತು, ಗಡಿಯಾರದಲ್ಲಿ ಇನ್ನೂ ಮೂರು ಗಂಟೆ.

ಮೇಷ್ಟ್ರು ಮಾತ್ರ ಲ್ಯಾಪ್‌ಟಾಪ್ ಎಳೆದುಕೊಂಡು ಏನೋ ಕುಟ್ಟುತ್ತಿದ್ದರು. "ಹೋಗಿ ಹೋಗಿ. ನಿಮ್ಮಿಬ್ಬರ ಹೆಸರಿಗೂ ಒಂದೊಂದು ಎಸ್‌ಎಸ್‌ಡಿ ಬರೆದಿದ್ದೀನಿ" ಅಂದರು.

"ಅಯ್ಯೋ, ಒಂಚೂರು ತಿದ್ದಿ ಮೇಷ್ಟ್ರೇ!"

"ಆಗಲ್ಲ. ಪಿಡಿಎಫ್ ಮಾಡಿಬಿಟ್ಟೆ."